‘ಅಧಿಕೃತ’ ಅಂದರೆ ‘ಸತ್ಯ’ ಅಂತಲೇ? ‘ಡಾಕ್ಟರ್ ಹೂ’ ಅಭಿಮಾನಿಗಳ ಜಗಳ ಕಲಿಸುವ ಪಾಠ

ವಾಟ್ಸ್‌ಆ್ಯಪ್‌ಗೆ ಬರುವ ಸಂದೇಶಗಳ ನೆತ್ತಿಯ ಮೇಲೆ ಎರಡು ಪದ ಆಗಾಗ ಕಾಣುತ್ತವೆ: ‘ಅಧಿಕೃತ ಮಾಹಿತಿ’. ಕೆಳಗೊಂದು ಲಾಂಛನ, ಒಂದು ಸಹಿ, ಒಂದು ಮೊಹರು ಇದ್ದುಬಿಟ್ಟರೆ ಮುಗಿಯಿತು, ಮುಂದಿನ ಪ್ರಶ್ನೆಯನ್ನೇ ಕೇಳದೆ ನಾವು ಅದನ್ನು ಇನ್ನೊಂದು ಗುಂಪಿಗೆ ಕಳಿಸಿಬಿಡುತ್ತೇವೆ. ಆದರೆ ‘ಅಧಿಕೃತ’ ಎನ್ನುವ ಪದ ನಿಜವಾಗಿ ಯಾವುದಕ್ಕೆ ಗ್ಯಾರಂಟಿ ಕೊಡುತ್ತದೆ? ಬರೆದವರಿಗೆ ಅನುಮತಿ ಇತ್ತು ಎಂಬುದಕ್ಕೋ, ಬರೆದದ್ದು ನಿಜ ಎಂಬುದಕ್ಕೋ?

ಈ ಪ್ರಶ್ನೆಯನ್ನು ಔಷಧ, ಚುನಾವಣೆ ಅಥವಾ ಧರ್ಮದ ಉದಾಹರಣೆಯೊಂದಿಗೆ ಎತ್ತಿದರೆ ಚರ್ಚೆ ಕೂಡಲೇ ಬಿಸಿಯಾಗುತ್ತದೆ. ಆದ್ದರಿಂದ ಯಾರ ಜೀವಕ್ಕೂ ಜೇಬಿಗೂ ಸಂಬಂಧವಿಲ್ಲದ ಒಂದು ಉದಾಹರಣೆಯನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಬ್ರಿಟನ್ನಿನ ಒಂದು ವೈಜ್ಞಾನಿಕ ಕಾಲ್ಪನಿಕ ಟಿವಿ ಧಾರಾವಾಹಿ, ಅದರ ಅಧಿಕೃತ ಪತ್ರಿಕೆ, ಮತ್ತು ಅವೆರಡರ ಬಗ್ಗೆ ದಶಕಗಳಿಂದ ವಾದ ಮಾಡುತ್ತಲೇ ಬಂದಿರುವ ಅಭಿಮಾನಿಗಳು.

ಏನಿದು ‘ಡಾಕ್ಟರ್ ಹೂ’?

1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದ ಧಾರಾವಾಹಿ ಇದು. ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಕಥಾನಾಯಕನ ಹೆಸರು ‘ಡಾಕ್ಟರ್’, ಅಷ್ಟೇ. ಈತ ಬೇರೆ ಗ್ರಹದವನು. ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಂತೆ ಕಾಣುವ ಯಂತ್ರದಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾನೆ. ಮೊದಲ ನಟ ವಿಲಿಯಂ ಹಾರ್ಟ್‌ನೆಲ್ 1966ರಲ್ಲಿ ಪಾತ್ರ ಬಿಡಬೇಕಾಗಿ ಬಂದಾಗ ತಯಾರಕರು ಒಂದು ಉಪಾಯ ಹೂಡಿದರು: ಸಾಯುವ ಹಂತಕ್ಕೆ ಬಂದ ಡಾಕ್ಟರ್ ಹೊಸ ದೇಹ ಪಡೆಯುತ್ತಾನೆ. ಈ ಒಂದು ಉಪಾಯದಿಂದ ನಟರು ಬದಲಾದರೂ ಪಾತ್ರ ಉಳಿಯಿತು. 1989ರಲ್ಲಿ ನಿಂತ ಧಾರಾವಾಹಿ, ನಡುವೆ 1996ರ ಒಂದು ಟಿವಿ ಸಿನಿಮಾ ಬಿಟ್ಟರೆ, 2005ರ ಮಾರ್ಚ್ 26ರವರೆಗೆ ಪರದೆಗೆ ಮರಳಲಿಲ್ಲ.

ಇನ್ನು ಪತ್ರಿಕೆ. 1979ರ ಅಕ್ಟೋಬರ್‌ನಲ್ಲಿ ಡೆಜ್ ಸ್ಕಿನ್ ಅವರ ಸಂಪಾದಕತ್ವದಲ್ಲಿ ‘ಡಾಕ್ಟರ್ ಹೂ ವೀಕ್ಲಿ’ ಹೊರಬಂತು. ಮರುವರ್ಷವೇ ಮಾಸಿಕವಾಯಿತು. ಈಗ ‘ಡಾಕ್ಟರ್ ಹೂ ಮ್ಯಾಗಜೀನ್’ ಎಂಬ ಹೆಸರಲ್ಲಿ ನಾಲ್ಕು ವಾರಕ್ಕೊಮ್ಮೆ ಬರುತ್ತಿದೆ. ಟಿವಿ ಧಾರಾವಾಹಿಯೊಂದನ್ನು ಆಧರಿಸಿ ಅತಿ ದೀರ್ಘಕಾಲ ನಡೆದ ಪತ್ರಿಕೆ ಎಂದು 2010ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿತು. ಧಾರಾವಾಹಿಯೇ ಇಲ್ಲದ ವರ್ಷಗಳಲ್ಲೂ ಪತ್ರಿಕೆ ನಿಲ್ಲಲಿಲ್ಲ ಎಂಬುದು ವಿಶೇಷ.

‘ಅಧಿಕೃತ’ ಮುದ್ರೆ ಎಲ್ಲಿಂದ ಬಂತು?

ಪತ್ರಿಕೆಯನ್ನು ಬಿಬಿಸಿ ತಾನೇ ಶುರು ಮಾಡಲಿಲ್ಲ. ಅದನ್ನು ತಂದದ್ದು ಮಾರ್ವೆಲ್ ಕಾಮಿಕ್ಸ್‌ನ ಬ್ರಿಟನ್ ಶಾಖೆ. 1990ರ ದಶಕದ ಮಧ್ಯದಲ್ಲಿ ಆ ಶಾಖೆಯನ್ನು ಪಾನಿನಿ ಕಂಪನಿ ವಹಿಸಿಕೊಂಡಿತು, ಇಂದಿಗೂ ಪ್ರಕಾಶಕರು ಅವರೇ. ಬಿಬಿಸಿ ಕೊಟ್ಟದ್ದು ಪರವಾನಗಿ. ಡಾಕ್ಟರ್‌ನ ಹೆಸರು, ಚಿತ್ರ, ಲಾಂಛನ ಬಳಸಲು ಅನುಮತಿ, ಅದರ ಜೊತೆಗೆ ಚಿತ್ರೀಕರಣದ ಜಾಗಕ್ಕೂ ನಟರ ಬಳಿಗೂ ಹೋಗುವ ದಾರಿ.

ಇಲ್ಲಿ ಗಮನಿಸಬೇಕಾದದ್ದು ಇದು: ಪರವಾನಗಿ ಒಂದು ವ್ಯವಹಾರ. ಅಂಗಡಿಯ ಗೋಡೆಗೆ ತೂಗುಹಾಕಿದ ಲೈಸೆನ್ಸ್ ಆ ಅಂಗಡಿ ಕಾನೂನು ಪ್ರಕಾರ ನಡೆಯುತ್ತಿದೆ ಎನ್ನುತ್ತದೆ, ಅಲ್ಲಿನ ಪ್ರತಿ ಸಾಮಾನೂ ಒಳ್ಳೆಯದು ಎನ್ನುವುದಿಲ್ಲ. ಅಧಿಕೃತ ಪತ್ರಿಕೆಯೂ ಹಾಗೆಯೇ. ಮುಂದಿನ ಕಂತು ಯಾವ ದಿನ, ಹೊಸ ನಟ ಯಾರು, ಚಿತ್ರೀಕರಣ ಎಲ್ಲಿ ನಡೆಯಿತು ಎಂಬ ವಿಷಯಗಳಲ್ಲಿ ಅದರ ಮಾತಿಗೆ ತೂಕ ಹೆಚ್ಚು, ಏಕೆಂದರೆ ಮಾಹಿತಿ ಮೂಲದಿಂದಲೇ ಬರುತ್ತದೆ. ಯಾವ ಕಥೆ ಚೆನ್ನಾಗಿದೆ, ಯಾರು ಮಾಡಿದ್ದು ತಪ್ಪು ಎಂಬ ವಿಷಯಗಳಿಗೆ ಬಂದಾಗ ಅದೇ ಹತ್ತಿರದ ನಂಟು ಅಡ್ಡಿಯಾಗಬಹುದು.

ಅಭಿಮಾನಿಗಳು ಜಗಳವಾಡುವುದು ಯಾವುದಕ್ಕೆ?

ಹೆಚ್ಚಿನ ವಾದಗಳ ಬೇರು ‘ಕ್ಯಾನನ್’ ಎಂಬ ಒಂದೇ ಪದದಲ್ಲಿದೆ. ಚರ್ಚ್‌ನವರು ಯಾವ ಗ್ರಂಥಗಳನ್ನು ಪ್ರಮಾಣವೆಂದು ಒಪ್ಪಿದ್ದರೋ ಅವಕ್ಕೆ ಬಳಸುತ್ತಿದ್ದ ಪದ ಅದು. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ-ಲೇಖಕ 1911ರಲ್ಲಿ ಷೆರ್ಲಾಕ್ ಹೋಮ್ಸ್ ಕಥೆಗಳನ್ನು ಧರ್ಮಗ್ರಂಥ ವಿಶ್ಲೇಷಿಸುವ ಗತ್ತಿನಲ್ಲೇ ತಮಾಷೆಯಾಗಿ ವಿಶ್ಲೇಷಿಸಿದರು. ಆಮೇಲೆ ಪದ ಅಭಿಮಾನಿಗಳ ಲೋಕಕ್ಕೆ ಬಂದು ನೆಲೆಸಿತು. ‘ಕಥೆಯ ಒಳಗೆ ನಿಜವಾಗಿ ನಡೆದದ್ದು ಯಾವುದು’ ಎಂಬುದು ಈಗ ಅದರ ಅರ್ಥ. ವ್ಯಾಸಭಾರತದಲ್ಲಿ ದ್ರೌಪದಿಗೆ ಐವರು ಗಂಡಂದಿರು, ಪಂಪಭಾರತದಲ್ಲಿ ಅರ್ಜುನ ಒಬ್ಬನೇ. ‘ಹಾಗಾದರೆ ನಿಜವಾದದ್ದು ಯಾವುದು?’ ಎಂದು ಕೇಳಿದರೆ ಎಷ್ಟು ತರಹದ ಉತ್ತರ ಬರುತ್ತವೋ, ಇಲ್ಲೂ ಅಷ್ಟೇ.

ಕೆಲವು ಪ್ರಸಿದ್ಧ ಜಗಳಗಳನ್ನು ನೋಡೋಣ.

ಡಾಕ್ಟರ್ ಎಷ್ಟು ಸಲ ದೇಹ ಬದಲಿಸಬಹುದು? 1976ರ ‘ದಿ ಡೆಡ್ಲಿ ಅಸ್ಯಾಸಿನ್’ ಕಥೆ ಹನ್ನೆರಡೇ ಸಲ ಎಂದಿತು. 2013ರಲ್ಲಿ ಆ ಲೆಕ್ಕ ಮುಗಿದಾಗ ‘ದಿ ಟೈಮ್ ಆಫ್ ದಿ ಡಾಕ್ಟರ್’ನಲ್ಲಿ ಅವನಿಗೆ ಹೊಸದೊಂದು ಸರಣಿಯನ್ನೇ ದಯಪಾಲಿಸಲಾಯಿತು.

ಡಾಕ್ಟರ್‌ಗೆ ಮನುಷ್ಯರ ರಕ್ತ ಇದೆಯೇ? 1996ರ ಸಿನಿಮಾದಲ್ಲಿ ಅವನೇ ತಾನು ತಾಯಿಯ ಕಡೆಯಿಂದ ಅರ್ಧ ಮನುಷ್ಯ ಎನ್ನುತ್ತಾನೆ. ಆ ಮಾತನ್ನು ನಿಜವೆಂದು ಒಪ್ಪಬೇಕೋ, ತಮಾಷೆ ಎಂದು ಬಿಡಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಭೂಮಿಯ ಸೇನಾಪಡೆಯೊಂದಿಗೆ ಡಾಕ್ಟರ್ ಕೆಲಸ ಮಾಡಿದ ಕಥೆಗಳು ನಡೆದದ್ದು ಯಾವ ಇಸವಿಯಲ್ಲಿ? 1975ರ ಕಥೆಯಲ್ಲಿ ಅವನ ಜೊತೆಗಾತಿ ಸಾರಾ ತಾನು 1980ರಿಂದ ಬಂದವಳು ಎನ್ನುತ್ತಾಳೆ. 1983ರ ಕಥೆಯ ಪ್ರಕಾರ ಆ ಪಡೆಯ ಬ್ರಿಗೇಡಿಯರ್ 1976ರಲ್ಲೇ ನಿವೃತ್ತನಾಗಿದ್ದ. ಎರಡೂ ಟಿವಿಯಲ್ಲಿ ಬಂದದ್ದೇ, ಎರಡೂ ಅಧಿಕೃತವೇ, ಆದರೆ ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. 2008ರ ಒಂದು ಕಂತಿನಲ್ಲಿ ಡಾಕ್ಟರ್‌ನ ಬಾಯಲ್ಲೇ ‘ಅದು ಎಪ್ಪತ್ತರ ದಶಕವೋ ಎಂಬತ್ತರದೋ’ ಎಂಬರ್ಥದ ಮಾತು ಹೇಳಿಸಿ ಬರಹಗಾರರು ಈ ಜಗಳಕ್ಕೆ ಕಣ್ಣು ಮಿಟುಕಿಸಿದರು.

ಬಿಬಿಸಿ ಒಂದು ಪಟ್ಟಿ ಮಾಡಿ ‘ಇವಿಷ್ಟು ಪ್ರಮಾಣ, ಉಳಿದದ್ದು ಅಲ್ಲ’ ಎಂದು ಹೇಳಬಹುದಿತ್ತಲ್ಲ? ‘ಸ್ಟಾರ್ ವಾರ್ಸ್’ ವಿಷಯದಲ್ಲಿ ಮಾಲೀಕರಾದ ಲ್ಯೂಕಾಸ್‌ಫಿಲ್ಮ್ 2014ರಲ್ಲಿ ಅದನ್ನೇ ಮಾಡಿತು. ಹಳೆಯ ಕಾದಂಬರಿ, ಕಾಮಿಕ್‌ಗಳನ್ನೆಲ್ಲ ‘ಲೆಜೆಂಡ್ಸ್’ ಎಂಬ ಬೇರೆ ಸಾಲಿಗೆ ಸರಿಸಿತು. ಬಿಬಿಸಿ ಅಂಥ ಪಟ್ಟಿ ಹೊರಡಿಸಿಲ್ಲ. ಆದ್ದರಿಂದ ‘ಡಾಕ್ಟರ್ ಹೂ’ ವಿಷಯದಲ್ಲಿ ‘ಇದು ಅಧಿಕೃತ ಕ್ಯಾನನ್’ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ಅದು ಅವರ ಅಭಿಪ್ರಾಯ ಅಷ್ಟೇ.

ಅಧಿಕೃತ ಪತ್ರಿಕೆಯೇ ಓದುಗರನ್ನು ಏಮಾರಿಸಿದಾಗ

ಪತ್ರಿಕೆಯಲ್ಲಿ ಸುದ್ದಿ, ಸಂದರ್ಶನಗಳ ಜೊತೆಗೆ ಮೊದಲಿನಿಂದಲೂ ಚಿತ್ರಕಥೆ ಬರುತ್ತಿದೆ. 1998ರಲ್ಲಿ, ಟಿವಿಯಲ್ಲಿ ಧಾರಾವಾಹಿ ಇಲ್ಲದ ದಿನಗಳಲ್ಲಿ, ಚಿತ್ರಕಥೆಯ ಡಾಕ್ಟರ್ ಹೊಸ ದೇಹ ಪಡೆದುಬಿಟ್ಟ. ಹೊಸ ಮುಖ ನಿಕೋಲಸ್ ಬ್ರಿಗ್ಸ್ ಅವರದು. ಅಭಿಮಾನಿಗಳು ತಾವೇ ಮಾಡಿದ ಧ್ವನಿನಾಟಕಗಳಲ್ಲಿ ಡಾಕ್ಟರ್ ಆಗಿದ್ದವರು ಅವರು. ಅಧಿಕೃತ ಪತ್ರಿಕೆಯೇ ನಾಯಕನನ್ನು ಬದಲಿಸಿದ ಮೇಲೆ ಇನ್ನೇನು? ಆದರೆ ಮುಂದಿನ ಕಥೆಯಲ್ಲಿ ಗುಟ್ಟು ರಟ್ಟಾಯಿತು: ಶತ್ರುಗಳನ್ನು ಮೋಸಗೊಳಿಸಲು ಹೂಡಿದ ನಾಟಕ ಅದು, ಡಾಕ್ಟರ್ ಬದಲಾಗಿರಲೇ ಇಲ್ಲ. ಓದುಗರನ್ನು ಬೇಕೆಂದೇ ದಾರಿ ತಪ್ಪಿಸಿದ್ದು ಬೇರಾರೂ ಅಲ್ಲ, ಪರವಾನಗಿ ಪಡೆದ ಪತ್ರಿಕೆಯೇ. ಕಥೆಯಲ್ಲಿ ಅದು ಆಟ. ಆದರೆ ಮುದ್ರೆಗೂ ಸತ್ಯಕ್ಕೂ ನಡುವಿನ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗುವುದು ಅಪರೂಪ.

ಇದಕ್ಕೆ ವಿರುದ್ಧವಾದದ್ದೂ ನಡೆದಿದೆ. 1980ರಲ್ಲಿ ಪ್ಯಾಟ್ ಮಿಲ್ಸ್, ಜಾನ್ ವ್ಯಾಗ್ನರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ ‘ಸ್ಟಾರ್ ಬೀಸ್ಟ್’ ಎಂಬ ಚಿತ್ರಕಥೆ ಬಂತು. ನೋಡಲು ಮುದ್ದಾದ, ಒಳಗೆ ಕ್ರೂರಿಯಾದ ಮೀಪ್ ಎಂಬ ಜೀವಿಯ ಕಥೆ. ‘ಅದು ಬರೀ ಕಾಮಿಕ್, ಕ್ಯಾನನ್ ಅಲ್ಲ’ ಎನ್ನುವವರು ಆಗಲೂ ಇದ್ದರು, ಆಮೇಲೂ ಇದ್ದರು. 2023ರ ನವೆಂಬರ್ 25ರಂದು, ಧಾರಾವಾಹಿಯ ಅರವತ್ತನೇ ವರ್ಷದ ವಿಶೇಷ ಕಂತಾಗಿ ಅದೇ ಕಥೆ ಟಿವಿಗೆ ಬಂತು. 43 ವರ್ಷ ಕಾಗದದ ಮೇಲಿದ್ದ ಮೀಪ್ ಒಂದೇ ರಾತ್ರಿಯಲ್ಲಿ ‘ನಿಜ’ವಾಯಿತು!

ಅಧಿಕೃತ ಪತ್ರಿಕೆ ಬರೆಯದೇ ಬಿಡುವುದು

ಹೇಳಿದ್ದು ಎಷ್ಟು ಮುಖ್ಯವೋ ಹೇಳದೆ ಉಳಿದದ್ದೂ ಅಷ್ಟೇ ಮುಖ್ಯ. 1980ರ ದಶಕದ ಮಧ್ಯದಲ್ಲಿ ಧಾರಾವಾಹಿ ಕಷ್ಟದಲ್ಲಿತ್ತು. 1985ರಲ್ಲಿ ಬಿಬಿಸಿ ಅದನ್ನು ಹದಿನೆಂಟು ತಿಂಗಳು ಪಕ್ಕಕ್ಕಿಟ್ಟಿತು. 1986ರಲ್ಲಿ ಕಥಾ ಸಂಪಾದಕ ಎರಿಕ್ ಸಾವರ್ಡ್ ಕೆಲಸ ಬಿಟ್ಟು, ನಿರ್ಮಾಪಕ ಜಾನ್ ನೇಥನ್-ಟರ್ನರ್ ಅವರನ್ನು ಕಟುವಾಗಿ ಟೀಕಿಸುವ ಸಂದರ್ಶನ ಕೊಟ್ಟರು. ಅದು ಪ್ರಕಟವಾದದ್ದು ‘ಸ್ಟಾರ್‌ಬರ್ಸ್ಟ್’ ಎಂಬ ಬೇರೆ ಪತ್ರಿಕೆಯಲ್ಲಿ. ಅದು ವೈಜ್ಞಾನಿಕ ಕಾಲ್ಪನಿಕ ಸಿನಿಮಾ, ಟಿವಿಗಳ ಬಗ್ಗೆ ಬರೆಯುತ್ತಿದ್ದ ಸಾಮಾನ್ಯ ಪತ್ರಿಕೆ, ಯಾವ ಒಂದು ಧಾರಾವಾಹಿಯ ಪರವಾನಗಿಯನ್ನೂ ನೆಚ್ಚಿಕೊಂಡಿರಲಿಲ್ಲ. ತಮಾಷೆಯೆಂದರೆ ಅದನ್ನೂ ಶುರು ಮಾಡಿದ್ದವರು ಡೆಜ್ ಸ್ಕಿನ್ ಅವರೇ.

ಇದರಿಂದ ಅಧಿಕೃತ ಪತ್ರಿಕೆ ಸುಳ್ಳು ಬರೆಯುತ್ತದೆ ಎಂದು ತೀರ್ಮಾನಿಸಬಾರದು. ದಶಕಗಳ ಕಾಲ ಅದರ ಬರಹಗಾರರು ಹಳೆಯ ಕಡತಗಳನ್ನು ಕೆದಕಿ, ನಟರು ತಂತ್ರಜ್ಞರನ್ನು ಹುಡುಕಿ ಮಾತಾಡಿಸಿ, ಪ್ರತಿ ಕಥೆಯ ತಯಾರಿಯ ವಿವರಗಳನ್ನು ದಾಖಲಿಸಿದ್ದಾರೆ. ಇಂದು ಧಾರಾವಾಹಿಯ ಚರಿತ್ರೆ ಬರೆಯುವ ಯಾರೂ ಆ ಸಂಚಿಕೆಗಳನ್ನು ಬಿಟ್ಟು ಬರೆಯಲಾರರು. ಆದರೆ ಮನೆಯೊಳಗಿನ ಜಗಳದ ವರದಿಗೆ ಆ ಮನೆಯ ಪತ್ರಿಕೆಯೊಂದನ್ನೇ ನಂಬಿ ಕೂತರೆ ಚಿತ್ರ ಅರ್ಧವೇ ಉಳಿಯುತ್ತದೆ.

‘ಓದುಗರ ಮತದಾನ’ ಎಷ್ಟು ನಂಬಬಹುದು?

2009ರಲ್ಲಿ ಪತ್ರಿಕೆ ಅಲ್ಲಿಯವರೆಗಿನ 200 ಕಥೆಗಳಿಗೆ ಓದುಗರಿಂದ ಅಂಕ ಹಾಕಿಸಿತು. ಮೊದಲ ಸ್ಥಾನ 1984ರ ‘ದಿ ಕೇವ್ಸ್ ಆಫ್ ಆಂಡ್ರೊಜಾನಿ’ಗೆ, ಕೊನೆಯ ಸ್ಥಾನ ‘ದಿ ಟ್ವಿನ್ ಡಿಲೆಮಾ’ಗೆ. ಎರಡೂ ಒಂದರ ಹಿಂದೆ ಒಂದು ಬಂದ ಕಥೆಗಳು! ಅತಿ ಒಳ್ಳೆಯದು ಮುಗಿದ ಮರುವಾರವೇ ಅತಿ ಕೆಟ್ಟದ್ದು ಶುರು. 2014ರಲ್ಲಿ ಮತ್ತೆ ಮತದಾನ ನಡೆದಾಗ ಕೊನೆಯ ಸ್ಥಾನ ಬದಲಾಗಲಿಲ್ಲ, ಮೊದಲ ಸ್ಥಾನ ಮಾತ್ರ ಹಿಂದಿನ ನವೆಂಬರ್‌ನಲ್ಲಷ್ಟೇ ಪ್ರಸಾರವಾಗಿದ್ದ ‘ದಿ ಡೇ ಆಫ್ ದಿ ಡಾಕ್ಟರ್’ಗೆ ಹೋಯಿತು.

ಇಲ್ಲಿ ಎರಡು ವಿಷಯ ನೆನಪಿಡಿ. ಒಂದು, ಮತ ಹಾಕಿದವರು ಎಲ್ಲ ವೀಕ್ಷಕರಲ್ಲ. ದುಡ್ಡು ಕೊಟ್ಟು ಪತ್ರಿಕೆ ಓದಿ, ಪುರುಸೊತ್ತು ಮಾಡಿಕೊಂಡು ಅಂಕ ಹಾಕುವಷ್ಟು ಹಚ್ಚಿಕೊಂಡವರು. ಸಂಶೋಧಕರು ಇದನ್ನು ‘ಸ್ವಯಂ ಆಯ್ಕೆಯ ಮಾದರಿ’ ಎನ್ನುತ್ತಾರೆ. ಇಂಥ ಮತದಾನ ಆ ಗುಂಪಿನ ಮನಸ್ಸನ್ನು ತೋರಿಸುತ್ತದೆ, ಇಡೀ ಜನರ ಮನಸ್ಸನ್ನಲ್ಲ. ಎರಡು, ಈಚೆಗೆ ನೋಡಿದ್ದು ಮನಸ್ಸಿನಲ್ಲಿ ಹಸಿಯಾಗಿರುವುದರಿಂದ ಅದಕ್ಕೆ ಹೆಚ್ಚು ಅಂಕ ಸಿಗುವ ಸಾಧ್ಯತೆ ಇರುತ್ತದೆ. ‘ಶೇ. 90 ಜನ ಹೀಗೆ ಹೇಳಿದ್ದಾರೆ’ ಎಂಬ ಫಾರ್ವರ್ಡ್ ಬಂದಾಗ ‘ಯಾವ ಜನ? ಕೇಳಿದ್ದು ಯಾರನ್ನು?’ ಎಂದು ಕೇಳಬೇಕಾದದ್ದು ಇದಕ್ಕೇ.

ಅರ್ಧ ನಿಜವಾದ ವದಂತಿ

ಬಿಬಿಸಿ 1960–70ರ ದಶಕಗಳಲ್ಲಿ ಹಳೆಯ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡುತ್ತಿತ್ತು. ಹೀಗಾಗಿ ‘ಡಾಕ್ಟರ್ ಹೂ’ನ ಎಷ್ಟೋ ಆರಂಭದ ಕಂತುಗಳ ದೃಶ್ಯ ಕಳೆದುಹೋಯಿತು. ಧ್ವನಿ ಮಾತ್ರ ಪ್ರತಿ ಕಂತಿನದೂ ಉಳಿದಿದೆ, ಏಕೆಂದರೆ ಆ ಕಾಲದ ಅಭಿಮಾನಿಗಳು ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಅದನ್ನು ಹಿಡಿದಿಟ್ಟಿದ್ದರು. ಸಂಸ್ಥೆ ಅಳಿಸಿದ್ದನ್ನು, ಯಾವ ಪರವಾನಗಿಯೂ ಇಲ್ಲದ ಹುಡುಗರು ಕಾಪಾಡಿದರು.

2013ರ ಹೊತ್ತಿಗೆ 106 ಕಂತುಗಳು ಕಾಣೆಯಾಗಿದ್ದವು. ಆ ವರ್ಷ ಅಭಿಮಾನಿಗಳ ನಡುವೆ ವದಂತಿಯೊಂದು ಕಾಳ್ಗಿಚ್ಚಿನಂತೆ ಹಬ್ಬಿತು: ಆಫ್ರಿಕಾದಲ್ಲಿ ಬಹುಪಾಲು ಕಂತುಗಳು ಸಿಕ್ಕಿಬಿಟ್ಟಿವೆ! ಅಕ್ಟೋಬರ್‌ನಲ್ಲಿ ನಿಜ ಹೊರಬಂತು. ನೈಜೀರಿಯಾದ ಜೋಸ್ ಎಂಬಲ್ಲಿ ಫಿಲಿಪ್ ಮಾರಿಸ್ ಅವರಿಗೆ ಸಿಕ್ಕ ಸುರುಳಿಗಳಲ್ಲಿ ಕಾಣೆಯಾಗಿದ್ದ ಒಂಬತ್ತು ಕಂತುಗಳಿದ್ದವು. ಸಂಖ್ಯೆ 106ರಿಂದ 97ಕ್ಕೆ ಇಳಿಯಿತು, ಅಷ್ಟೇ.

ಸಂಪೂರ್ಣ ಸುಳ್ಳಾದ ವದಂತಿ ಎಂದಾದರೂ ಸಾಯುತ್ತದೆ. ಅರ್ಧ ನಿಜವಾದ ವದಂತಿ ಸಾಯುವುದಿಲ್ಲ. ‘ನೋಡಿ, ಒಂಬತ್ತು ಸಿಕ್ಕಿತಲ್ಲ, ಉಳಿದದ್ದೂ ಎಲ್ಲೋ ಮುಚ್ಚಿಟ್ಟಿದ್ದಾರೆ’ ಎಂದು ಅದು ಮತ್ತೆ ತಲೆ ಎತ್ತುತ್ತದೆ. ಆರೋಗ್ಯದ ಫಾರ್ವರ್ಡ್‌ಗಳಲ್ಲೂ ಇದೇ ಆಟ: ಅರಿಶಿನದ ಮೇಲೆ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆದಿದೆ ಎಂಬ ನಿಜದ ತುಣುಕಿಗೆ ‘ಕ್ಯಾನ್ಸರ್ ಗುಣವಾಗುತ್ತದೆ’ ಎಂಬ ಸುಳ್ಳನ್ನು ಕಟ್ಟಿ ಕಳಿಸುತ್ತಾರೆ.

ನಮ್ಮ ಮನಸ್ಸು ಹೀಗೇಕೆ?

ಅಭಿಮಾನಿಗಳ ಹುಚ್ಚು ಎಂದು ನಗುವ ಮುನ್ನ ಸಂಶೋಧನೆ ಏನು ಹೇಳುತ್ತದೆ ನೋಡೋಣ.

1951ರಲ್ಲಿ ಕಾರ್ಲ್ ಹಾವ್‌ಲ್ಯಾಂಡ್ ಮತ್ತು ವಾಲ್ಟರ್ ವೈಸ್ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಲೇಖನವನ್ನು ಕೆಲವು ವಿದ್ಯಾರ್ಥಿಗಳಿಗೆ ನಂಬಿಕಸ್ಥ ಮೂಲದ ಹೆಸರಲ್ಲಿ, ಇನ್ನು ಕೆಲವರಿಗೆ ನಂಬಲಾಗದ ಮೂಲದ ಹೆಸರಲ್ಲಿ ಓದಿಸಿದರು. ಓದಿದ ಕೂಡಲೇ ಕೇಳಿದಾಗ ನಂಬಿಕಸ್ಥ ಹೆಸರಿಗೆ ಹೆಚ್ಚು ಜನ ತಲೆಯಾಡಿಸಿದರು. ನಾಲ್ಕು ವಾರದ ನಂತರ ಆ ವ್ಯತ್ಯಾಸ ಅಳಿಸಿಹೋಗಿತ್ತು. ವಿಷಯ ತಲೆಯಲ್ಲಿ ಉಳಿದಿತ್ತು, ಯಾರು ಹೇಳಿದರು ಎಂಬುದು ಅದರಿಂದ ಕಳಚಿಕೊಂಡಿತ್ತು. ‘ಎಲ್ಲೋ ಓದಿದ ನೆನಪು’ ಎಂದು ನಾವು ಹೇಳುವಾಗ ಆಗಿರುವುದು ಇದೇ.

1954ರಲ್ಲಿ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್, ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವಿನ ಒರಟು ಫುಟ್‌ಬಾಲ್ ಪಂದ್ಯದ ಬಗ್ಗೆ ಬರೆದರು. ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿದ್ದು ಅದೇ ಚಿತ್ರಸುರುಳಿ. ಆದರೂ ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಪ್ರಿನ್ಸ್‌ಟನ್‌ನವರ ಕಣ್ಣಿಗೆ ಎರಡು ಪಟ್ಟಿಗೂ ಹೆಚ್ಚು ಕಂಡವು. ಒಂದೇ ದೃಶ್ಯ, ನಮ್ಮವರು ಯಾರು ಎಂಬುದರ ಮೇಲೆ ಎರಡು ಸತ್ಯ.

1977ರ ಇನ್ನೊಂದು ಅಧ್ಯಯನದಲ್ಲಿ ಹ್ಯಾಷರ್ ಮತ್ತು ಸಂಗಡಿಗರು, ಪದೇ ಪದೇ ಕೇಳಿದ ಹೇಳಿಕೆಗಳು ಜನರಿಗೆ ಹೆಚ್ಚು ನಿಜವೆನಿಸುತ್ತವೆ ಎಂದು ತೋರಿಸಿದರು, ಹೇಳಿಕೆ ಸುಳ್ಳಾಗಿದ್ದರೂ ಕೂಡ. ಐದು ಗುಂಪುಗಳಲ್ಲಿ ಬಂದ ಒಂದೇ ಫಾರ್ವರ್ಡ್ ಐದು ಸಾಕ್ಷಿಯಂತೆ ಕಾಣುವುದು ಹೀಗೆ.

ಜಾಗ ಬದಲಾದರೆ ನೋಟವೂ ಬದಲು. 1986ರಲ್ಲಿ ಬಿಬಿಸಿಯ ‘ಓಪನ್ ಏರ್’ ಕಾರ್ಯಕ್ರಮದಲ್ಲಿ ಕ್ರಿಸ್ ಚಿಬ್‌ನಲ್ ಎಂಬ ಯುವ ಅಭಿಮಾನಿ ಆ ವರ್ಷದ ಕಥೆಗಳನ್ನು ಬರಹಗಾರರ ಎದುರಿಗೇ ಟೀಕಿಸಿದ್ದರು. ಮೂರು ದಶಕದ ನಂತರ ಅವರೇ ಧಾರಾವಾಹಿಯ ಮುಖ್ಯಸ್ಥರಾದರು. 2020ರಲ್ಲಿ ಅವರು ಬರೆದ ‘ದಿ ಟೈಮ್‌ಲೆಸ್ ಚಿಲ್ಡ್ರನ್’, ಮೊದಲನೆಯವನು ಎಂದುಕೊಂಡಿದ್ದ ಡಾಕ್ಟರ್‌ಗಿಂತ ಹಿಂದೆಯೂ ಅವನಿಗೆ ಜನ್ಮಗಳಿದ್ದವು ಎಂದಿತು. ಆಗ ಟೀಕೆಯ ಮಳೆ ಸುರಿದದ್ದು ಅವರ ಮೇಲೆ, ಸುರಿಸಿದವರು ಹೊಸ ಅಭಿಮಾನಿಗಳು.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

1. ಈ ಮುದ್ರೆ ಹೇಳುತ್ತಿರುವುದೇನು? ಅನುಮತಿ ಇದೆ ಎಂದೋ, ಪರಿಶೀಲನೆ ಆಗಿದೆ ಎಂದೋ? ಲಾಂಛನವನ್ನು ಯಾರು ಬೇಕಾದರೂ ಅಂಟಿಸಬಹುದು. ಆ ಸಂಸ್ಥೆಯ ಸ್ವಂತ ತಾಣದಲ್ಲಿ ಅದೇ ಮಾತು ಇದೆಯೇ ನೋಡಿ.

2. ಇದು ಮೂಲದವರಿಗೇ ಗೊತ್ತಿರುವ ವಿಷಯವೇ? ದಿನಾಂಕ, ನಿಯಮ, ಹೆಸರುಗಳಿಗೆ ಅಧಿಕೃತ ಮೂಲವೇ ಮೇಲು. ತಮ್ಮದೇ ಕೆಲಸದ ಗುಣಮಟ್ಟದ ಬಗ್ಗೆ ಅವರ ಮಾತಷ್ಟೇ ಸಾಲದು.

3. ಹೊರಗಿನವರು ಏನೆನ್ನುತ್ತಾರೆ? ಆ ಸಂಸ್ಥೆಯ ಹಂಗಿನಲ್ಲಿ ಇಲ್ಲದ ಒಬ್ಬರಾದರೂ ಅದನ್ನು ಖಚಿತಪಡಿಸಿದ್ದಾರೆಯೇ?

4. ಇದು ನಿಜವಾಗಿರಲಿ ಎಂದು ನನಗೇ ಆಸೆ ಇದೆಯೇ? ಇದ್ದರೆ ಇನ್ನೂ ಸ್ವಲ್ಪ ನಿಧಾನಿಸಿ.

ಕೊನೆಯಲ್ಲಿ ಒಂದು ವ್ಯತ್ಯಾಸ ನೆನಪಿಡೋಣ. ಡಾಕ್ಟರ್ ಅರ್ಧ ಮನುಷ್ಯನೋ ಅಲ್ಲವೋ ಎಂಬುದಕ್ಕೆ ಕೊನೆಯ ಉತ್ತರ ಇಲ್ಲ, ಏಕೆಂದರೆ ಕಥೆಯ ಹೊರಗೆ ಹೋಗಿ ಪರೀಕ್ಷಿಸಲು ಅಲ್ಲಿ ಏನೂ ಇಲ್ಲ. ಅಂಥ ವಾದದಲ್ಲಿ ಎಷ್ಟು ಹೊತ್ತು ಕಳೆದರೂ ನಷ್ಟವಿಲ್ಲ, ಅದರ ಸುಖವೇ ಬೇರೆ. ಆದರೆ ಯಾವ ಮಾತ್ರೆ ಯಾವ ಕಾಯಿಲೆಗೆ, ಯಾವ ಖಾತೆಗೆ ಹಣ ಕಟ್ಟಬೇಕು, ಯಾವ ಊರಲ್ಲಿ ಏನು ನಡೆಯಿತು ಎಂಬ ಪ್ರಶ್ನೆಗಳು ಕಥೆಯಲ್ಲ. ಅವಕ್ಕೆ ಹೊರಗೆ ಹೋಗಿ ನೋಡಬಹುದಾದ ಉತ್ತರ ಇದೆ. ಮೊಹರು ನೋಡಿ ಸುಮ್ಮನಾಗದೆ ಆ ಉತ್ತರ ಹುಡುಕಿ, ಆಮೇಲೆ ಫಾರ್ವರ್ಡ್ ಮಾಡಿ.